‘ಡೂ ದಿ ನೀಡ್‌ಫುಲ್’ ಮತ್ತು ಹೆಸರಿಲ್ಲದ ಬೇಡಿಕೆ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಕಚೇರಿಗಳಿಗೆ ಸಲ್ಲುವ ಅರ್ಜಿ ಇಂಗ್ಲಿಷಿನಲ್ಲಿದ್ದರೆ ‘ಡೂ ದಿ ನೀಡ್‌ಫುಲ್’ ಎಂದೂ, ಕನ್ನಡದಲ್ಲಿದ್ದರೆ ‘ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ವಿನಂತಿ’ ಎಂದೂ ಮುಗಿಯುವುದು ರೂಢಿ. ಈ ಇಂಗ್ಲಿಷ್ ನುಡಿಗಟ್ಟು ಭಾರತೀಯರು ಹುಟ್ಟಿಸಿದ ಅಪಪ್ರಯೋಗವೆಂಬ ಆಕ್ಷೇಪ ನಿಲ್ಲುವಂಥದ್ದಲ್ಲ; 19ನೆಯ ಶತಮಾನದ ಬ್ರಿಟಿಷ್ ಪತ್ರವ್ಯವಹಾರದಲ್ಲಿ ಸಹಜವಾಗಿದ್ದ ಇದು ಅಲ್ಲಿ ಹಿಂದೆ ಸರಿದ ಮೇಲೂ ಇಲ್ಲಿಯ ಕಚೇರಿಗಳಲ್ಲಿ ಉಳಿದುಕೊಂಡಿತು. ಗುಣವಾಚಕವೊಂದನ್ನು ನಾಮಪದದಂತೆ ಬಳಸಿ ‘ಅಗತ್ಯವಾದುದನ್ನು ಮಾಡಿ’ ಎನ್ನುವ ಈ ರಚನೆಯಲ್ಲಿ ವ್ಯಾಕರಣದೋಷವೂ ಇಲ್ಲ.

ಆದರೆ ಅಗತ್ಯವಾದುದು ಯಾವುದೆಂದು ಬರೆದವರಿಗೂ ಓದುವವರಿಗೂ ಮೊದಲೇ ತಿಳಿದಿದ್ದಾಗ ಮಾತ್ರ ಈ ಮಾತಿಗೆ ಅರ್ಥ ಬರುತ್ತದೆ. ತಂದೆಯ ಮರಣಾನಂತರ ಜಮೀನನ್ನು ವಾರಸುದಾರರ ಹೆಸರಿಗೆ ವರ್ಗಾಯಿಸುವ ಪೌತಿ ಖಾತೆಗಾಗಿ ಹೊಸದುರ್ಗದ ರೈತನೊಬ್ಬ ಬರೆಯುವ ಅರ್ಜಿಯಲ್ಲಿ ಸರ್ವೆ ನಂಬರು, ಹಿಸ್ಸಾ, ವಾರಸುದಾರರ ಹೆಸರು, ಪಹಣಿಯಲ್ಲಿ ಆಗಬೇಕಾದ ಬದಲಾವಣೆ ಇವೆಲ್ಲ ಬಂದಿದ್ದರೆ ಕೊನೆಯ ‘ಸೂಕ್ತ ಕ್ರಮ’ಕ್ಕೆ ಆಧಾರವಿರುತ್ತದೆ. ಅದರ ಬದಲು ಕಷ್ಟವನ್ನಷ್ಟೇ ವಿವರಿಸಿ ಸೂಕ್ತ ಕ್ರಮ ಕೇಳಿದರೆ, ಏನು ಮಾಡಬೇಕೆಂಬ ತೀರ್ಮಾನ ಪೂರ್ತಿಯಾಗಿ ಕಚೇರಿಯ ಪಾಲಾಗುತ್ತದೆ. ಆಗ ಕಡತವು ‘ನಿಯಮಾನುಸಾರ ಸೂಕ್ತ ಕ್ರಮಕ್ಕಾಗಿ’ ಎಂಬ ಷರಾ, ಅಂದರೆ ಅಧಿಕಾರಿಯ ಟಿಪ್ಪಣಿ, ಹೊತ್ತು ಜಿಲ್ಲಾ ಕಚೇರಿಯಿಂದ ತಾಲ್ಲೂಕಿಗೂ ತಾಲ್ಲೂಕಿನಿಂದ ನಾಡಕಚೇರಿಗೂ ಇಳಿಯಬಹುದು. ಆಗಬೇಕಾದ ಕೆಲಸಕ್ಕೆ ಮಾತ್ರ ಎಲ್ಲಿಯೂ ಹೆಸರು ಸಿಕ್ಕಿರುವುದಿಲ್ಲ.

ಅಧಿಕಾರಿಗೆ ಇಂಥದ್ದೇ ಮಾಡಿರೆಂದು ಬರೆಯುವುದು ಅವಿನಯವೆಂಬ ಅಳುಕು ಇಲ್ಲಿ ಕೆಲಸ ಮಾಡುತ್ತಿರುವಂತಿದೆ. ಈ ಅಳುಕಿಗೆ ಕಾನೂನಿನ ಬೆಂಬಲವಿಲ್ಲ. 2005ರ ಮಾಹಿತಿ ಹಕ್ಕು ಅಧಿನಿಯಮವು ಬೇಕಾದ ಮಾಹಿತಿಯ ವಿವರಗಳನ್ನು ಅರ್ಜಿದಾರನೇ ನಮೂದಿಸಬೇಕೆಂದು ಹೇಳಿ, ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರಿಸುವ ಹೊಣೆಯನ್ನು ಕಚೇರಿಯ ಮೇಲೆ ಹೊರಿಸುತ್ತದೆ. ‘ಸಕಾಲ’ ಎಂದು ಹೆಸರಾದ 2011ರ ಕರ್ನಾಟಕದ ಅಧಿನಿಯಮವೂ ಸೇವೆಗಳನ್ನು ಹೆಸರಿಸಿಯೇ ಒಂದೊಂದಕ್ಕೂ ಗಡುವು ಗೊತ್ತುಮಾಡುತ್ತದೆ. ಹೆಸರಿಸದ ಸೇವೆಗೆ ಗಡುವು ಎಣಿಸುವುದು ಸಾಧ್ಯವಿಲ್ಲ. ರಾಜ್ಯದ 1963ರ ರಾಜಭಾಷಾ ಅಧಿನಿಯಮವು ಕನ್ನಡವನ್ನು ಆಡಳಿತಭಾಷೆಯಾಗಿಸಿದಾಗ ರೈತನಿಗೆ ದೊರೆತ ಅನುಕೂಲವೂ ತನ್ನ ಬೇಡಿಕೆಯನ್ನು ತನ್ನ ಮಾತಿನಲ್ಲೇ ನಿಖರವಾಗಿ ಹೇಳುವುದು. ಇಂಗ್ಲಿಷಿನ ಮಸುಕು ಕನ್ನಡಕ್ಕೂ ಇಳಿದರೆ ಆ ಅನುಕೂಲ ಕೈತಪ್ಪುತ್ತದೆ.

ಆದುದರಿಂದ ಅರ್ಜಿ ಬರೆಯುವವರೂ, ಕಚೇರಿಯ ಮುಂದೆ ಕುಳಿತು ಬರೆದುಕೊಡುವವರೂ ಯಾರಿಂದ, ಯಾವ ಕೆಲಸ, ಎಷ್ಟು ದಿನದೊಳಗೆ ಆಗಬೇಕೆಂಬುದನ್ನು ಮೊದಲ ಪ್ಯಾರಾದಲ್ಲೇ ಬರೆಯಲಿ; ‘ಸೂಕ್ತ ಕ್ರಮ’ವನ್ನು ಆ ಮೇಲೆ, ಬೇಕೆನಿಸಿದರೆ ಸೇರಿಸಲಿ.