ಬೀಗದ ಕೈ ಯಾರ ಹತ್ರ ಇದೆ?



ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಶೇಂಗಾ ಹೊಟ್ಟಿನ ಬಣವೆಗೆ ಬೆಂಕಿ ಬಿದ್ದರೆ ನಮ್ಮ ಅಪ್ಪ ಅವ್ವಂದಿರು ಮೊದಲು ಕೊಟ್ಟಿಗೆಗೆ ಓಡುತ್ತಾರೆ. ದನದ ಕಣ್ಣಿ ಬಿಚ್ಚುತ್ತಾರೆ, ಬಿಚ್ಚಲು ಬಾರದಿದ್ದರೆ ಕೊಯ್ಯುತ್ತಾರೆ. ಕಟ್ಟಿದವನೇ ಬಿಚ್ಚಬೇಕು. ಇದು ಅಕ್ಷರ ಬಾರದವರಿಗೂ ಗೊತ್ತಿರುವ ಕಾನೂನು. ಸರ್ಕಾರಕ್ಕೆ ಗೊತ್ತಿದೆಯೇ?

2001ರ ಆಗಸ್ಟ್ 6ರ ಬೆಳಗಿನ ಜಾವ ತಮಿಳುನಾಡಿನ ಏರ್ವಾಡಿಯಲ್ಲಿ ಮಾನಸಿಕ ರೋಗಿಗಳನ್ನು ಇಟ್ಟಿದ್ದ ಖಾಸಗಿ ಗುಡಿಸಲಿಗೆ ಬೆಂಕಿ ಬಿತ್ತು. ರೋಗಿಗಳನ್ನು ಸರಪಳಿಯಲ್ಲಿ ಬಿಗಿದಿದ್ದರು. 28 ಜನ ಸತ್ತರು. 2012ರ ಫೆಬ್ರವರಿ 14ರ ರಾತ್ರಿ ಹೊಂಡುರಾಸ್ ದೇಶದ ಕೊಮಯಾಗುವಾ ಜೈಲಿನಲ್ಲಿ 350ಕ್ಕೂ ಹೆಚ್ಚು ಕೈದಿಗಳು ಸತ್ತರು. ಆ ಜೈಲಿನಲ್ಲಿದ್ದ ಅರ್ಧಕ್ಕೂ ಹೆಚ್ಚು ಜನಕ್ಕೆ ಶಿಕ್ಷೆಯೇ ಆಗಿರಲಿಲ್ಲ. ಎರಡೂ ಕಡೆ ಬೆಂಕಿಯ ಜೊತೆ ಬೀಗವೂ ಕೊಂದಿತು.

ನಮ್ಮಲ್ಲಿ? 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ ನಾಲ್ವರಲ್ಲಿ ಮೂವರು ವಿಚಾರಣಾಧೀನ ಕೈದಿಗಳು. ಜಾಮೀನಿಗೆ ದುಡ್ಡಿಲ್ಲದೆ ಒಳಗೆ ಕೊಳೆಯುವವರು ಯಾರ ಮಕ್ಕಳು ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಹೊರಗಿನಿಂದ ಚಿಲಕ ಹಾಕಿ ಬೆಂಕಿ ಇಡುವುದು ಅಂದರೇನು ಅಂತ 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಸುಟ್ಟುಹೋದ 7 ಜನ ದಲಿತರು ನಮಗೆ ತಿಳಿಸಿ ಹೋಗಿದ್ದಾರೆ. ಅಲ್ಲಿ ಚಿಲಕ ಬಿದ್ದದ್ದು ಕೊಲ್ಲಲಿಕ್ಕೆ. ಜೈಲಿನ ಬೀಗ ಕಾಯಲಿಕ್ಕೆ ಅಂತಾರೆ. ಹಾಗಾದರೆ ಕಾಯಿರಿ!

ನಿಯಮಗಳೇನೋ ಇವೆ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ಜೈಲು, ಅನಾಥಾಲಯ, ಮಾನಸಿಕ ಆಸ್ಪತ್ರೆಗಳನ್ನು ಬೇರೆ ವರ್ಗವಾಗಿಯೇ ಎಣಿಸಿ ಬೆಂಕಿಯಿಂದ ರಕ್ಷಣೆ ಹೇಗಿರಬೇಕು ಅಂತ ಬರೆದಿದೆ. ಏರ್ವಾಡಿಯಾದ 16 ವರ್ಷಕ್ಕೆ, 2017ರಲ್ಲಿ, ರೋಗಿಗೆ ಸರಪಳಿ ಹಾಕಕೂಡದು ಅಂತ ಕಾಯಿದೆ ಬಂತು. ಆದರೆ ಕಾಗದ ಬೀಗ ತೆಗೆಯುವುದಿಲ್ಲ. ನಡುರಾತ್ರಿ ಕೈ ಹಿಡಿದು ಓಡಿ ಬರುವ ಮನುಷ್ಯ ಬೇಕು.

ಅದಕ್ಕೆ ಕೇಳಿ. ಮೊದಲು ನಿಮ್ಮ ಹಾಸ್ಟೆಲಿನಲ್ಲೇ ಕೇಳಿ. ರಾತ್ರಿ ಗೇಟಿನ ಬೀಗದ ಕೈ ಯಾರ ಹತ್ರ ಇರುತ್ತೆ? ಇನ್ನೊಂದು ಕೈ ಎಲ್ಲಿದೆ? ಎರಡನೇ ಬಾಗಿಲು ತೆರೆಯುತ್ತಾ? ಬೆಂಕಿ ಬಿದ್ದರೆ ಹೇಗೆ ಹೊರಬರಬೇಕು ಅಂತ ಒಂದು ಸಲವಾದರೂ ಕಲಿಸಿದ್ದಾರಾ? ಬಾಯಲ್ಲಿ ಕೇಳಿದ್ದು ಗಾಳಿಗೆ ಹೋಗುತ್ತೆ, ಬರೆದು ಕೊಡಿ. ಆಮೇಲೆ ಇದೇ ಪ್ರಶ್ನೆಗಳನ್ನು ಠಾಣೆಯ ಲಾಕಪ್ಪಿಗೆ, ಚಿತ್ರದುರ್ಗದ ಜೈಲಿಗೆ ಮಾಹಿತಿ ಹಕ್ಕಿನ ಅರ್ಜಿಯಲ್ಲಿ ಕಳಿಸಿ.

ಒಳಗಿರುವವನು ತಪ್ಪು ಮಾಡಿರಬಹುದು. ಕೋರ್ಟು ಅವನಿಗೆ ವರ್ಷಗಳನ್ನು ಲೆಕ್ಕ ಹಾಕಿ ಕೊಡಲಿ. ಬೆಂಕಿಯ ಶಿಕ್ಷೆ ಯಾವ ಕಲಮಿನಲ್ಲೂ ಇಲ್ಲ.

ಉತ್ತರ ಬಂದರೆ ಹಾಸ್ಟೆಲಿನ ಗೋಡೆಗೆ ಅಂಟಿಸಿ. ಬರದಿದ್ದರೆ, ಬರಲಿಲ್ಲ ಅಂತ ಬರೆದು ಅಂಟಿಸಿ.