ಮುಟ್ಟಿದ್ರ ಹಾಳಾಗ್ತಾವಂತ!



ಅಟಲ್ ಟಿಂಕರಿಂಗ್ ಲ್ಯಾಬ್‌ಗೆ ಕೇಂದ್ರ ಸರ್ಕಾರ ಶಾಲೆಗೆ 20 ಲಕ್ಷದವರೆಗೆ ಕೊಡ್ತದ. 6ರಿಂದ 12ನೇ ತರಗತಿ ಮಕ್ಕಳು ಕೈಯಾರೆ ರೋಬೋ ಮಾಡ್ಲಿ ಅಂತ. ನಮ್ಮ ಕೇರಿ ಹುಡುಗಿ ಓದೋ ಶಾಲೆಯಲ್ಲಿ ಆ ಕಿಟ್ ಕಪಾಟಿನೊಳಗ, ಕೀಲಿ ಹಾಕಿ. ಕೇಳಿದ್ರ "ಮಕ್ಕಳು ಮುಟ್ಟಿದ್ರ ಹಾಳಾಗ್ತಾವ" ಅಂತಾರ. ಈ ಮಾತು ನಮಗೇನು ಹೊಸದಲ್ಲ ಬಿಡ್ರಿ ಸರ್.

ಹಾಳಾಗ್ಲಿ! ಆರ್ಡುಯಿನೊ ಬೋರ್ಡು 2005ರಲ್ಲಿ ಇಟಲಿಯಲ್ಲಿ ಹುಟ್ಟಿದ್ದೇ ಎಲೆಕ್ಟ್ರಾನಿಕ್ಸ್ ಬಾರದವರು ಕಲೀಲಿ ಅಂತ. ಆಫೀಸ್ ಬಿಟ್ಟ ಮ್ಯಾಲೆ ಸ್ಟೇಷನ್ ರಸ್ತೆಯ ರೂಮಿನ್ಯಾಗ, ಬಿ.ಎ. ಓದಿದ ನಾನೇ ಆಕಿ ಜೊತಿ ಕೂತು ಕಲಿಯಾಕತ್ತೀನಿ. ರೆಸಿಸ್ಟರ್ ಇಲ್ದ 9 ವೋಲ್ಟ್ ಬ್ಯಾಟರಿಗೆ ಹಚ್ಚಿ ಎರಡು ಎಲ್‌ಇಡಿ ಸುಟ್ಟೆ. ಮೂರನೇದು ಆಕಿ ಬರೆದ ಪ್ರೋಗ್ರಾಮಿಗೆ ಮಿಣುಕಿತು.

1942ರಿಂದ 46ರವರೆಗೆ ವೈಸರಾಯ್ ಕೌನ್ಸಿಲ್‌ನಲ್ಲಿ ದೇಶದ ವಿದ್ಯುತ್ ವಿಷಯ ನೋಡಿಕೊಂಡವರು ಬಾಬಾಸಾಹೇಬರು. ಏಪ್ರಿಲ್ 14ಕ್ಕ ಅವರ ಫೋಟೊಕ್ಕ ಹಾರ ಹಾಕೋ ಹೆಡ್‌ಮಾಸ್ತರರು ಮೊದಲು ಆ ಕಪಾಟಿನ ಕೀಲಿ ತೆಗೀಲಿ. ಸೋಮವಾರ ಕೇಳಾಕ ಹೊಂಟೀವಿ. ಪಾಲಕರು ಬರ್ರಿ, ಮಕ್ಕಳನ್ನೂ ಕರ್ಕೊಂಡು ಬರ್ರಿ.