ಹಿರಿತನವೂ ಒಂದು ಕಾಯಕ



ಜೆಪ್ಪುವಿನ ನೇತ್ರಾವತಿ ತಟದಲ್ಲಿ ವಾಸಿಸುವವರಿಗೆ ಕಡಲು ದೂರವಲ್ಲ. ಕಡಲಿಗೆ ಹೋದವರ ಹಾದಿ ಕಾಯುವ ಮನೆಗಳ ಕಳವಳವೂ ಹೊಸತಲ್ಲ. ಇದೇ ಅರಬ್ಬೀ ಸಮುದ್ರದಲ್ಲಿ, ದೀವ್ ತೀರದಾಚೆ, 1971ರ ಡಿಸೆಂಬರ್ 9ರ ರಾತ್ರಿ ನಮ್ಮ ನೌಕಾಪಡೆಯ ‘ಖುಕ್ರಿ’ಯು ಪಾಕಿಸ್ತಾನದ ‘ಹಂಗೋರ್’ ಜಲಾಂತರ್ಗಾಮಿಯ ಟಾರ್ಪೆಡೊಗೆ ತುತ್ತಾಗಿ ನಿಮಿಷಗಳಲ್ಲೇ ಮುಳುಗಿತು. 18 ಅಧಿಕಾರಿಗಳೂ 176 ನಾವಿಕರೂ ಅಸುನೀಗಿದರು.

ಕಪ್ತಾನ ಮಹೇಂದ್ರನಾಥ ಮುಲ್ಲಾ ಅವರು ತಮ್ಮ ಜೀವರಕ್ಷಕ ಕವಚವನ್ನು ನಾವಿಕನೊಬ್ಬನಿಗಿತ್ತು, ಹಡಗನ್ನು ಬಿಡದೆ ಅದರೊಡನೆಯೇ ಜಲಸಮಾಧಿಯಾದರೆಂದು ಬದುಕುಳಿದವರು ನೆನೆದರು. ಮರಣೋತ್ತರವಾಗಿ ಮಹಾವೀರ ಚಕ್ರ ಸಂದಿತು. ಅದಕ್ಕೆ ತಲೆಬಾಗೋಣ.

ಆದರೆ ತ್ಯಾಗದ ಪ್ರಭೆಯಲ್ಲಿ ಪ್ರಶ್ನೆಗಳು ಮರೆಯಾಗಬಾರದು. ನೀರೊಳಗಿನ ಸದ್ದನ್ನು ಗುರುತಿಸುವ ಸೋನಾರ್ ಯಂತ್ರ ಶತ್ರುವಿನ ಬಳಿ ಹೆಚ್ಚು ಸಮರ್ಥವಾಗಿತ್ತು. ಹಾಗಿದ್ದೂ, ತನ್ನ ಸೋನಾರ್ ಸುಧಾರಣೆಯ ಪ್ರಯೋಗಕ್ಕಾಗಿ ಖುಕ್ರಿ ಅಪಾಯದ ನೀರಿನಲ್ಲಿ ನಿಧಾನವಾಗಿ ಸಾಗುತ್ತಿತ್ತು. ಜೊತೆಗಿದ್ದ ‘ಕಿರ್ಪಾನ್’ ಆ ರಾತ್ರಿ ಸ್ಥಳದಿಂದ ಸರಿಯಿತು; ಮರುದಿನ ‘ಕಚಲ್’ ನೌಕೆಯೊಡನೆ ಬಂದಾಗ 67 ಮಂದಿ ಜೀವಂತವಾಗಿ ದೊರೆತರು. ತಾನೂ ಗುರಿಯಾಗುವ ಭಯವಿದ್ದಾಗ ಸರಿದುದು ವಿವೇಕವೋ, ಲೋಪವೋ ಎಂಬ ವಾದ ಬಹುಕಾಲ ನಡೆಯಿತು.

ಮಡಿದವರನ್ನು ಹೊಗಳುವುದು ಸುಲಭ. ಅವರು ಏಕೆ ಮಡಿಯಬೇಕಾಯಿತೆಂದು ಕೇಳುವುದು ಕಠಿಣ. ಒಬ್ಬನ ಶೌರ್ಯವು ಮೇಲಿನವರ ತೀರ್ಮಾನಕ್ಕೆ ಮುಸುಕಾಗಬಾರದು. ಶರಣರು ಕಾಯಕದಲ್ಲಿ ಮೇಲುಕೀಳೆಣಿಸಲಿಲ್ಲ; ಆಜ್ಞೆ ನೀಡುವುದೂ ಕಾಯಕವೇ. ಅದರ ಲೆಕ್ಕವು ಕೊನೆಯ ನಾವಿಕನ ಮನೆಗೂ ಸಲ್ಲಬೇಕು. ಮನೆಯಲ್ಲಾಗಲಿ, ಸಂಘದಲ್ಲಾಗಲಿ ಹಿರಿತನ ಹೊತ್ತವರು ಇದನ್ನು ಮನಗಾಣಲಿ. ಸಾಯುವ ಧೈರ್ಯದಷ್ಟೇ, ತಪ್ಪೊಪ್ಪುವ ಧೈರ್ಯವೂ ದೊಡ್ಡದು.